ಹದಿನೇಳು ಒಂದುಗಳ ಸಂಸಾರ

ನ್ಯೂಯಾರ್ಕಿನ ಹತ್ತಿರದ ಮೆಟುಚೆನ್, ಎಡಿಸನ್ ಊರುಗಳ ಸುತ್ತಮುತ್ತ ಚನ್ನಬಸಮ್ಮನ ಜೋಳದ ರೊಟ್ಟಿ ತಿನ್ನದ ಕನ್ನಡದ ಹುಡುಗರಿರಲಿಲ್ಲ. ಆಕೆಯಿಂದ ಬೈಸಿಕೊಳ್ಳದವರೂ ಇರಲಿಲ್ಲ. ಸಾಫ್ಟ್‌ವೇರ್ ಹುಡುಗರು ಶನಿವಾರ ಬೆಳಿಗ್ಗೆ ಹಿಂಬಾಗಿಲಿಗೆ ಬಂದು ನಿಂತರೆ, ರೊಟ್ಟಿಯ ಕಟ್ಟು ಕೈಗಿಡುವ ಮೊದಲು ಆಕೆ ಅವರನ್ನು ಮೇಲಿಂದ ಕೆಳಗೆ ಒಮ್ಮೆ ಅಳೆಯುತ್ತಿದ್ದಳು. "ಹೊಟ್ಟಿ ಮುಂದ ಬಂತು, ಕೂದ್ಲ ಹಿಂದ ಹೋತು. ಲಗ್ನ ಎಂದಪಾ?" ಎನ್ನುತ್ತಿದ್ದಳು. ಹುಡುಗರು ಹಲ್ಲು ಕಿರಿದು ರೊಟ್ಟಿ ತೆಗೆದುಕೊಂಡು ಹೋಗುತ್ತಿದ್ದರು. ಬೈಗುಳ ಪುಕ್ಕಟೆ.

ಆಕೆಗೆ ಈ ದೇಶದಲ್ಲಿ ಯಾವುದೂ ಹಿಡಿಸಿರಲಿಲ್ಲ. ಇಲ್ಲಿನ ಬ್ರೆಡ್ಡು ಬರೀ ಹತ್ತಿ, ಟೊಮ್ಯಾಟೊ ಬಣ್ಣ ಬಳಿದ ನೀರು. ಎದುರು ಮನೆಯ ದೊರೆ ನಾಯಿಯ ಹಿಂದೆ ಪ್ಲಾಸ್ಟಿಕ್ ಚೀಲ ಹಿಡಿದು ನಡೆಯುವುದನ್ನು ಹತ್ತು ವರ್ಷ ದಿನವೂ ನೋಡಿದರೂ ಆಕೆಗೆ ದಿನವೂ ಹೊಸದಾಗಿ ನಗು ಬರುತ್ತಿತ್ತು. ಆದರೆ ಇವರೆಲ್ಲರಿಗೂ ಸೇರಿ ಆಕೆ ಖರ್ಚು ಮಾಡುತ್ತಿದ್ದ ತಾತ್ಸಾರ ಚಿಲ್ಲರೆ ಲೆಕ್ಕದ್ದು. ದೊಡ್ಡ ಗಂಟನ್ನು ಮನೆಯೊಳಗೇ ಇರುವ ಒಬ್ಬ ಮನುಷ್ಯನಿಗಾಗಿ ಎತ್ತಿಟ್ಟಿದ್ದಳು. ಆತ ಆಕೆಯ ಗಂಡ, ಪಂಚಾಕ್ಷರಯ್ಯ.

ಪಂಚಾಕ್ಷರಯ್ಯನದು ನ್ಯೂಯಾರ್ಕಿನ ಒಂದು ಸಣ್ಣ ಕಂಪನಿಯಲ್ಲಿ ನಕ್ಷೆ ತೆಗೆಯುವ ಕೆಲಸ. ದೊಡ್ಡ ಕಟ್ಟಡಗಳ ಹೊಟ್ಟೆಯೊಳಗೆ ಗಾಳಿ ಓಡಾಡುವ ತಗಡಿನ ಕೊಳವೆಗಳಿರುತ್ತವಲ್ಲ, ಅವು ಎಲ್ಲಿ ತಿರುಗಬೇಕು, ಎಲ್ಲಿ ಕವಲೊಡೆಯಬೇಕು ಎಂದು ಗೆರೆ ಎಳೆಯುವುದು. ಹದಿನೆಂಟು ವರ್ಷ ಎಳೆದ. ಇದು ಹೊಟ್ಟೆಪಾಡು. ಆತನ ನಿಜವಾದ ಸಂಸಾರ ಬೇರೆಯೇ ಇತ್ತು. ಅದು ಒಂದು ಸಂಖ್ಯೆಯ ಜೊತೆ.

ಆ ಸಂಖ್ಯೆಯನ್ನು ಬರೆಯಲು ಏನೂ ಕಷ್ಟವಿಲ್ಲ. ಒಂದನ್ನು ಹದಿನೇಳು ಸಲ ಸಾಲಾಗಿ ಬರೆದರೆ ಆಯಿತು. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಒಬ್ಬ ಮೇಷ್ಟ್ರು ಹನ್ನೊಂದು ಒಂದುಗಳನ್ನು ಹಲಗೆಯ ಮೇಲೆ ಬರೆದು, ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಯಾವುದಾದರೂ ಇದೆಯೇ ಎಂದು ಕೇಳಿದ್ದರಂತೆ. ಪಂಚಾಕ್ಷರಯ್ಯ ಹಾಸ್ಟೆಲ್ಲಿನಲ್ಲಿ ಕೂತು ನಾಲ್ಕು ತಿಂಗಳು ಭಾಗಾಕಾರ ಮಾಡಿ, ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು ಎಂದು ಉತ್ತರ ತಂದ. ಮೇಷ್ಟ್ರು ಬೆನ್ನು ತಟ್ಟಿ, "ಭೇಷ್. ಇನ್ನ ಹದಿನೇಳು ಒಂದು ನೋಡು" ಎಂದರು. ಅವರು ತಮಾಷೆಗೆ ಅಂದದ್ದು. ಕೇಳಿಸಿಕೊಂಡವನಿಗೆ ತಮಾಷೆ ಎಂದರೇನೆಂದು ಗೊತ್ತಿರಲಿಲ್ಲ.

ಮದುವೆ, ನೌಕರಿ, ವೀಸಾ ಎಂದು ಇಪ್ಪತ್ತೆಂಟು ವರ್ಷ ಕಳೆದವು. ೧೯೯೯ರಲ್ಲಿ ಕ್ವೀನ್ಸ್‌ನ ಬಾಡಿಗೆ ಮನೆ ಬಿಟ್ಟು ಮೆಟುಚೆನ್ನಿಗೆ ಬಂದ ಮೇಲೆ ದಿನಕ್ಕೆ ಎರಡು ಸಲ ಐವತ್ತೈವತ್ತು ನಿಮಿಷ ರೈಲಿನಲ್ಲಿ ಕೂರುವುದು ಬಂತು. ಮಿಕ್ಕವರು ಪೇಪರು ಓದಿದರು, ನಿದ್ದೆ ಮಾಡಿದರು. ಪಂಚಾಕ್ಷರಯ್ಯ ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ ತೆಗೆದು, ಬಿಟ್ಟ ಲೆಕ್ಕವನ್ನು ಶುರುಮಾಡಿದ.

ಸಿಕ್ಕ ಸಿಕ್ಕ ಸಂಖ್ಯೆಯಿಂದ ಭಾಗಿಸಬೇಕಾಗಿರಲಿಲ್ಲ. ಹದಿನೇಳು ಒಂದುಗಳನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದು ಮೂವತ್ನಾಲ್ಕರ ಮಗ್ಗಿಗಿಂತ ಒಂದು ಹೆಚ್ಚಿಗೆ ಇರಲೇಬೇಕಂತೆ. ನೂರ ಮೂರು, ನೂರ ಮೂವತ್ತೇಳು, ಹೀಗೆ ಮೂವತ್ನಾಲ್ಕು ಮೂವತ್ನಾಲ್ಕಾಗಿ ಹತ್ತುತ್ತಾ ಹೋಗಬೇಕು. ಮೂರು, ಐದು, ಏಳು, ಹನ್ನೊಂದರ ಮಗ್ಗಿಯಲ್ಲಿ ಬರುವುದನ್ನು ಕಣ್ಣಳತೆಯಲ್ಲೇ ಬಿಡಬಹುದು. ಉಳಿದ ಪ್ರತಿಯೊಂದರಿಂದಲೂ ಆ ಹದಿನೇಳು ಅಂಕಿಯನ್ನು ಪೆನ್ಸಿಲ್ ಹಿಡಿದು ಪೂರ್ತಿ ಭಾಗಿಸಬೇಕು. ಹೋಗುವಾಗ ಆರು, ಬರುವಾಗ ಆರು. ಕೊನೆಗೆ ಭಾಜಕ, ಭಾಗಲಬ್ಧ, ಶೇಷ ಮೂರನ್ನೂ ಒಂದು ಸಾಲಿನಲ್ಲಿ ಬರೆದು ಕೆಳಗೆ ಗೆರೆ. ಶೇಷ ಸೊನ್ನೆ ಬರುವವರೆಗೂ ಇದೇ.

ಕಂಪ್ಯೂಟರಿಗೆ ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ ಎಂದು ಆತನಿಗೆ ಗೊತ್ತಿತ್ತು. ನೂರು ವರ್ಷದ ಹಿಂದೆಯೇ ಯಾರೋ ಕಂಡುಹಿಡಿದು ಪುಸ್ತಕದಲ್ಲಿ ಅಚ್ಚಾಗಿರುವುದೂ ಗೊತ್ತಿತ್ತು. ಅದಕ್ಕೇ ಆತ ಅಂಥ ಪುಸ್ತಕ ಮುಟ್ಟುತ್ತಿರಲಿಲ್ಲ. ಮಗಳು ಅಕ್ಷತಾ ಹನ್ನೆರಡು ವರ್ಷದವಳಿದ್ದಾಗ ಇಂಟರ್ನೆಟ್ಟಿನಲ್ಲಿ ಹುಡುಕಿ, "ಅಪ್ಪಾ, ಐ ಗಾಟ್ ಇಟ್!" ಎಂದು ಓಡಿಬಂದಳು. ಪಂಚಾಕ್ಷರಯ್ಯ ಊಟದ ತಟ್ಟೆ ಬಿಟ್ಟೆದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡ ಮೇಲೆಯೇ ಹೊರಗೆ ಬಂದದ್ದು.

"ಗುಂಡಿ ಒತ್ತಿ ತಿಳ್ಕೊಂಡದ್ದು ತಿಳ್ಕೊಂಡಂಗಲ್ಲ," ಎನ್ನುತ್ತಿದ್ದ. "ಕೈಲೇ ಮಾಡಬೇಕು. ಈಗಿನ ಮಂದಿಗೆ ಕೈ ಎಲ್ಲಿ ಅದಾವ?"

"ನಿಮ್ಮ ಕೈಗೆ ಒಂದ್ ಗಂಗಾಳ ತಿಕ್ಕೂದು ಬರೂದಿಲ್ಲ," ಎಂದು ಚನ್ನಬಸಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು.

"ಲೆಕ್ಕದ ಸುದ್ದಿ ನಿನಗೇನ ಗೊತ್ತು?" ಎನ್ನುವುದು ಆತನ ಉತ್ತರ. ಮದುವೆಯಾದ ಲಾಗಾಯ್ತು ಆತನದು ಇದೊಂದೇ ಉತ್ತರ.

ಆ ಮಾತಿಗೆ ಚನ್ನಬಸಮ್ಮನ ಮೈ ಉರಿಯುತ್ತಿತ್ತು. ಉರಿಯಲು ಕಾರಣವಿತ್ತು. ಬ್ಯಾಡಗಿಯಲ್ಲಿ ಆಕೆಯ ತಂದೆಯದು ಮೆಣಸಿನಕಾಯಿ ದಲಾಲಿ ಅಂಗಡಿ. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿ ಆಕೆಯನ್ನು ಅಂಗಡಿಯ ಒಳಕೋಣೆಯಲ್ಲಿ ಕೂರಿಸಿದ್ದರು. ಗುಮಾಸ್ತರು ಮಾಡಿದ ಗುಣಾಕಾರ, ಭಾಗಾಕಾರ ತಾಳೆ ನೋಡುವುದು ಆಕೆಯ ಕೆಲಸ. ಅದಕ್ಕೆ ಲೆಕ್ಕವನ್ನು ಮತ್ತೆ ಮಾಡಬೇಕಿಲ್ಲ. ಅಂಕಿಗಳನ್ನು ಕೂಡಿಸುತ್ತಾ ಹೋಗಿ, ಒಂಬತ್ತಾದಾಗಲೆಲ್ಲ ಬಿಟ್ಟುಬಿಡಬೇಕು. ಕೊನೆಗೆ ಉಳಿದ ಒಂದೊಂದು ಅಂಕಿಯನ್ನೇ ಗುಣಿಸಿ, ಕೂಡಿಸಿ ನೋಡಿದರೆ ತಪ್ಪು ತಾನಾಗಿ ಹೊರಬೀಳುತ್ತದೆ. ಒಂಬತ್ತು ತೆಗೆಯುವುದು ಎಂದು ಅದಕ್ಕೆ ಹೆಸರು. ಹದಿಮೂರು ವರ್ಷದ ಹುಡುಗಿ ಬೆರಳು ಮಡಚದೆ ಒಂಬತ್ತು ತೆಗೆದು, ಮೀಸೆ ಹೊತ್ತ ಗುಮಾಸ್ತರನ್ನು ಸಾಲಾಗಿ ನಿಲ್ಲಿಸಿ ಬೆವರಿಳಿಸುತ್ತಿದ್ದಳು. ಬಿ.ಎಸ್ಸಿ. ಓದಿದ ಗಂಡ ಅದನ್ನು ಒಂದು ದಿನವೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

೨೦೦೮ರ ಸೆಪ್ಟೆಂಬರಿನ ಒಂದು ಸೋಮವಾರ ಪಂಚಾಕ್ಷರಯ್ಯನನ್ನು ಕೆಲಸದಿಂದ ತೆಗೆದರು. ಆ ವಾರ ನ್ಯೂಯಾರ್ಕಿನಲ್ಲಿ ದೊಡ್ಡ ದೊಡ್ಡವರೇ ಮಕಾಡೆ ಬಿದ್ದಿದ್ದರು. ಹೊಸ ಕಟ್ಟಡ ಕಟ್ಟುವವರು ಯಾರೂ ಇರಲಿಲ್ಲ. ಕಟ್ಟಡವಿಲ್ಲದ ಮೇಲೆ ಅದರೊಳಗೆ ಗಾಳಿಗೇನು ಕೆಲಸ? ಮಧ್ಯಾಹ್ನ ಕರೆದು ಕೈಕುಲುಕಿ ಕಳಿಸಿದರು. ಆತ ತನ್ನ ಸಾಮಾನನ್ನು ಒಂದು ರಟ್ಟಿನ ಡಬ್ಬದಲ್ಲಿ ತುಂಬಿಕೊಂಡು ರೈಲು ಹತ್ತಿ, ಡಬ್ಬವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ನೋಟ್‌ಬುಕ್ ಇಟ್ಟು, ದಿನದಂತೆ ಆರು ಭಾಗಾಕಾರ ಮಾಡಿಕೊಂಡೇ ಮನೆಗೆ ಬಂದ. "ತೆಗೆದರು," ಎಂದ. ಉಂಡು ಮಲಗಿದ.

ಆ ತಿಂಗಳು ಮುಗಿಯುತ್ತಲೇ ಚನ್ನಬಸಮ್ಮ ರೈಲಿನ ಮಂಥ್ಲಿ ಪಾಸಿಗೆ ಕತ್ತರಿ ಹಾಕಿದಳು. "ನೌಕರಿ ಇಲ್ಲ, ನ್ಯೂಯಾರ್ಕಿಗೆ ಯಾಕ? ಮನ್ಯಾಗ ಕುಂತು ಗೀಚ್ರಿ," ಎಂದಳು. ಮನೆಯಲ್ಲಿ ಆತನಿಗೆ ಲೆಕ್ಕ ಹತ್ತಲಿಲ್ಲ. ಊಟದ ಮೇಜು ಅಲುಗಾಡುವುದಿಲ್ಲವಲ್ಲ! ಕೆಲವು ದಿನ ಮೆಟುಚೆನ್ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಭಾಗಿಸಿದ. ರೈಲುಗಳು ಬಂದು ಜನರನ್ನು ಹತ್ತಿಸಿಕೊಂಡು ಹೋಗುತ್ತಿದ್ದವು. ಚಳಿ ಬಿದ್ದ ಮೇಲೆ ಬೆರಳು ಮರಗಟ್ಟಿ ಅದೂ ನಿಂತಿತು. ಅಲ್ಲಿಗೆ ಭಾಜಕ ಇಪ್ಪತ್ತೊಂದು ಲಕ್ಷದ ಹತ್ತಿರ ಬಂದಿತ್ತು. ಐವತ್ತೇಳರ ಮನುಷ್ಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಎದುರು ಮನೆಯ ನಾಯಿಯನ್ನು ನೋಡತೊಡಗಿದ.

ಚನ್ನಬಸಮ್ಮ ನೋಟ್‌ಬುಕ್ಕುಗಳಿಗೆ ಕೈ ಹಾಕಿದ್ದು ಕನಿಕರದಿಂದಲ್ಲ. ಹಾಗೆಂದವರ ಬಾಯಿಗೆ ಆಕೆಯೇ ಹಿಟ್ಟು ತುರುಕಿಯಾಳು. ನವೆಂಬರಿನ ಒಂದು ದಿನ ರೊಟ್ಟಿ ಹೊತ್ತಿದ ವಾಸನೆಗೆ ಆತ ಏನೋ ಅಂದ, ಆಕೆ ಏನೋ ಅಂದಳು, ಆತ ಮತ್ತೆ "ನಿನಗೇನ ಗೊತ್ತು?" ಎಂದ. ಆತ ಲೈಬ್ರರಿಗೆ ಹೋದ ಕೂಡಲೇ ಚನ್ನಬಸಮ್ಮ ಆತನ ಕಪಾಟು ತೆರೆದಳು. ಒಳಗೆ ಮೂವತ್ತಮೂರು ನೋಟ್‌ಬುಕ್ಕುಗಳು. ಒಂದೇ ಒಂದು ತಪ್ಪು ಸಿಕ್ಕರೆ ಸಾಕು, ಮುಖಕ್ಕೆ ಹಿಡಿದು ಜನ್ಮಕ್ಕಾಗುವಷ್ಟು ಆಡಿಬಿಡಬೇಕು ಎಂದು ಮೇಲಿನದನ್ನು ಎಳೆದುಕೊಂಡಳು.

ಎರಡು ಸಾಲು ನೋಡುವುದರೊಳಗೆ ಆಕೆಗೆ ಗುಟ್ಟು ಹೊಳೆಯಿತು. ಹದಿನೇಳು ಒಂದು ಕೂಡಿಸಿದರೆ ಹದಿನೇಳು, ಒಂಬತ್ತು ತೆಗೆದರೆ ಎಂಟು. ಅಂದಮೇಲೆ ಯಾವ ಸಾಲನ್ನೇ ಹಿಡಿ, ಭಾಜಕ ಭಾಗಲಬ್ಧ ಗುಣಿಸಿ ಶೇಷ ಕೂಡಿಸಿದರೆ ಎಂಟೇ ಬರಬೇಕು. ಇಷ್ಟೇ! ಇದಕ್ಕೆ ಇಷ್ಟು ಜಂಬವೇ ಎಂದು ಮೂಗು ಮುರಿದಳು. ಆತ ಲೈಬ್ರರಿಗೆ ಹೋದಾಗಲೆಲ್ಲ ನೋಡಿದಳು. ಎಂಟು, ಎಂಟು, ಎಂಟು. ಹಾಳಾದವನು ತಪ್ಪೇ ಮಾಡಿರಲಿಲ್ಲ. ಮೂವತ್ತಮೂರನೆಯದು ಮುಗಿದು ಮೂವತ್ತೆರಡನೆಯದರ ಕೊನೆಯ ಹಾಳೆಗಳಿಂದ ಹಿಂದಕ್ಕೆ ಬರುತ್ತಿದ್ದಾಗ, ಜನವರಿಯ ಮೊದಲ ವಾರ, ಒಂದು ಸಾಲಿನಲ್ಲಿ ಏಳು ಬಂತು.

ಮತ್ತೊಮ್ಮೆ ಮಾಡಿದಳು. ಭಾಜಕದಲ್ಲಿ ಉಳಿದದ್ದು ನಾಲ್ಕು, ಭಾಗಲಬ್ಧದಲ್ಲಿ ಒಂದು, ಶೇಷದಲ್ಲಿ ಮೂರು. ನಾಲ್ಕೂ ಮೂರೂ ಏಳೇ. ಹಾಳೆಯ ತಲೆಯ ಮೇಲೆ ತಾರೀಖು ನೋಡಿದಳು. ಸೆಪ್ಟೆಂಬರಿನ ಆ ಸೋಮವಾರದ್ದು, ಬರುವ ದಾರಿಯದ್ದು.

ಸಿಕ್ಕಿಬಿದ್ದ! ಚನ್ನಬಸಮ್ಮನಿಗೆ ಬ್ಯಾಡಗಿಯ ಒಳಕೋಣೆ ನೆನಪಾಗಿ ಮೈಯಲ್ಲಿ ಹುರುಪು ಬಂತು. ಸರಿಯಾದ ಉತ್ತರವನ್ನೂ ಜೊತೆಗೇ ಇಟ್ಟು ಹೊಡೆಯೋಣ ಎಂದು ಅಡುಗೆಮನೆಗೆ ಹೋದಳು. ಹಾಳೆ ಹುಡುಕುವ ತಾಳ್ಮೆ ಇರಲಿಲ್ಲ. ಹಿಟ್ಟು ನಾದುವ ಅಗಲವಾದ ಕೊಣಮಿಗೆಯಲ್ಲಿ ಜೋಳದ ಹಿಟ್ಟು ಹರಡಿತ್ತು. ಅದರ ಮೇಲೆಯೇ ಬೆರಳಿನಿಂದ ಹದಿನೇಳು ಒಂದು ಬರೆದು, ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ತಮೂರರಿಂದ ಭಾಗಿಸುತ್ತಾ ಹೋದಳು. ಒಂದು ಸಾಲು ಕಳೆಯುವುದು, ಅಂಗೈಯಿಂದ ಸವರುವುದು, ಮುಂದಿನ ಸಾಲು ಬರೆಯುವುದು. ಕೊನೆಗಿಂತ ಒಂದು ಹೆಜ್ಜೆ ಮುಂಚೆ ಕಳೆಯುವಾಗ ಆತ ಐದು ಬರೆಯಬೇಕಾದಲ್ಲಿ ನಾಲ್ಕು ಬರೆದಿದ್ದ. ಲೆಕ್ಕ ಒಂದು ಲಕ್ಷ ಕಮ್ಮಿಯಾಗಿತ್ತು. ಅದನ್ನು ಸರಿಮಾಡಿ ಕೊನೆಯ ಅಂಕಿ ಇಳಿಸಿಕೊಂಡು ಏಳರಿಂದ ಗುಣಿಸಿ ಕಳೆದಳು.

ಏನೂ ಉಳಿಯಲಿಲ್ಲ.

ಹಿಟ್ಟಿನ ಮೇಲೆ ತಾನೇ ಬರೆದ ಸೊನ್ನೆಯನ್ನು ನೋಡುತ್ತಾ ಆಕೆ ಎಷ್ಟೋ ಹೊತ್ತು ನಿಂತಳು. ಒಂಬತ್ತು ವರ್ಷ ಆತ ಹುಡುಕಿದ್ದು ಆತನ ಪೆನ್ಸಿಲ್ಲಿನ ಕೆಳಗೇ ಬಂದಿತ್ತು. ಬಂದ ದಿನವೇ ಆತನ ಕೈ ತಪ್ಪಿತ್ತು. ಯಾರಿಗೂ ಕೈಯಿಲ್ಲ ಎಂದು ಜಗತ್ತನ್ನೆಲ್ಲ ಆಡಿಕೊಂಡ ಮನುಷ್ಯನಿಗೆ ಅವನ ಕೈಯೇ ಕೈಕೊಟ್ಟಿತ್ತು. ಇದಕ್ಕಿಂತ ದೊಡ್ಡ ಏಟು ಆಕೆಗೆ ಏಳು ಜನ್ಮ ಕಾದರೂ ಸಿಗುತ್ತಿರಲಿಲ್ಲ. ಈಗ ಆತ ಬಂದು ಬಾಗಿಲು ತೆಗೆಯುತ್ತಾನೆ, ಇದನ್ನು ತೋರಿಸಿದರೆ ಮುಗಿಯಿತು.

ಬಾಗಿಲು ಸದ್ದಾಯಿತು. ಚನ್ನಬಸಮ್ಮ ಸರಕ್ಕನೆ ಹಿಟ್ಟಿಗೆ ಬಿಸಿನೀರು ಸುರಿದು ನಾದಿಬಿಟ್ಟಳು. ಯಾಕೆ ಹಾಗೆ ಮಾಡಿದೆನೆಂದು ಆಕೆಗೇ ತಿಳಿಯಲಿಲ್ಲ. ತನ್ನ ಮೇಲೆಯೇ ಸಿಟ್ಟು ಬಂದು, ಅಂದಿನ ರೊಟ್ಟಿಗಳನ್ನು ಮೂರು ಮನೆಗೆ ಕೇಳಿಸುವ ಹಾಗೆ ಬಡಿದಳು.

ಸಂಕ್ರಾಂತಿಗೆ ಬಾಸ್ಕಿಂಗ್ ರಿಡ್ಜ್ ಎಂಬ ಊರಿನ ಶಶಿಧರ ಊಟಕ್ಕೆ ಕರೆದಿದ್ದ. ಶಶಿಧರ ಪಂಚಾಕ್ಷರಯ್ಯನ ತಂಗಿಯ ಮಗ, ಒಂದು ಬ್ಯಾಂಕಿನಲ್ಲಿ ವೈಸ್ ಪ್ರೆಸಿಡೆಂಟ್. ಎಲ್ಲಿ ಎಷ್ಟು ಅಪಾಯವಿದೆ ಎಂದು ಮುಂಚೆಯೇ ಲೆಕ್ಕ ಹಾಕಿ ಹೇಳುವ ವಿಭಾಗ ಅವನದು. ಅಪಾಯ ಬಂದು ಬಾಗಿಲು ಮುರಿದು ಒಳಗೆ ಕೂತ ಮೇಲೂ ಅವನ ಹುದ್ದೆಗೆ ಗೀರು ಬಿದ್ದಿರಲಿಲ್ಲ. ಅಂಥ ವಿಭಾಗಗಳು ಹಾಗೇ. ಮನೆ ತುಂಬ ಜನ. ಶಶಿಧರನ ಹೆಂಡತಿ ನೀತಾ ಕುಸುರೆಳ್ಳಿನ ಬಟ್ಟಲು ಹಿಡಿದು ಓಡಾಡುತ್ತಿದ್ದಳು.

ಊಟವಾದ ಮೇಲೆ ಶಶಿಧರ ಮೀಸೆಯಲ್ಲೇ ನಗುತ್ತಾ ಕೇಳಿದ, "ಮಾಮಾ, ನಿಮ್ಮ ಒನ್ ಒನ್ ಒನ್ ಎಲ್ಲಿಗೆ ಬಂತು? ಈಗಂತೂ ಫುಲ್ ಟೈಮ್ ಅಲ್ವಾ?"

ಜನ ನಕ್ಕರು. ಗೊತ್ತಿಲ್ಲದವರಿಗೆ ಶಶಿಧರನೇ ವಿವರಿಸಿದ. ಕೇಶವಮೂರ್ತಿ ಎಂಬ ಹಲ್ಲಿನ ಡಾಕ್ಟರು ಹೊಟ್ಟೆ ಹಿಡಿದುಕೊಂಡು, "ಒಂಬತ್ತು ವರ್ಷಾನಾ? ಕೈಯಲ್ಲಾ?" ಎಂದು ಎರಡೆರಡು ಸಲ ಕೇಳಿದರು.

"ಇಂಥದಕ್ಕೆಲ್ಲ ಎರಡು ಸೆಕೆಂಡ್ ಸಾಕು, ಅಂಕಲ್," ಎಂದ ಶಶಿಧರ ಲ್ಯಾಪ್‌ಟಾಪ್ ತಂದು ಗೋಡೆಯ ದೊಡ್ಡ ಟೀವಿಗೆ ಸಿಕ್ಕಿಸಿ, ಬ್ಯಾಂಕಿನಲ್ಲಿ ದಿನವೂ ಬಳಸುವ ಸ್ಪ್ರೆಡ್‌ಶೀಟು ತೆರೆದ. ಪಂಚಾಕ್ಷರಯ್ಯ ಸೋಫಾದ ಮೂಲೆಗೆ ಸರಿದು, ಕಣ್ಣು ಮುಚ್ಚಿ, ಎರಡೂ ಅಂಗೈಗಳಿಂದ ಕಿವಿ ಒತ್ತಿ ಹಿಡಿದುಕೊಂಡ. ಅದನ್ನು ನೋಡಿ ಜನ ಇನ್ನಷ್ಟು ನಕ್ಕರು.

ಒಂಬತ್ತು ವರ್ಷ ಇದೇ ಮನುಷ್ಯನನ್ನು ನೋಡಿ ಇದಕ್ಕಿಂತ ಜೋರಾಗಿ ನಕ್ಕಿದ್ದವಳು ಚನ್ನಬಸಮ್ಮ. ಈಗ ಈ ನಗು ಆಕೆಯ ಎದೆಗೆ ಮೆಣಸಿನಪುಡಿಯ ಹಾಗೆ ಹತ್ತಿತು. ನಗುವುದಿದ್ದರೆ ತಾನು ನಗಬೇಕು, ಇವರು ಯಾರು?

ಶಶಿಧರ ಹದಿನೇಳು ಸಲ ಒಂದು ಒತ್ತಿದ. ಪರದೆಯ ಮೇಲೆ ಹದಿನೈದು ಒಂದು, ಕೊನೆಗೆ ಎರಡು ಸೊನ್ನೆ ಬಂದು ಕೂತವು. ಆ ತಂತ್ರಾಂಶಕ್ಕೆ ಹದಿನೈದು ಅಂಕಿಯ ಆಚೆಗೆ ಕಣ್ಣು ಕಾಣುವುದಿಲ್ಲ; ಮಿಕ್ಕಿದ್ದನ್ನು ಸೊನ್ನೆ ಮಾಡಿ ಸುಮ್ಮನಾಗುತ್ತದೆ. ಶಶಿಧರನಿಗೂ ಕಾಣಲಿಲ್ಲ. "ಹಾ! ಎಂಡ್ಸ್ ಇನ್ ಟೂ ಝೀ಼ರೋಸ್! ನೂರರಿಂದ ಹೋಗತ್ತೆ!" ಎಂದು ನೂರರಿಂದ ಭಾಗಿಸಿದ. ಚೂರೂ ಶೇಷ ಉಳಿಯದೆ ಹದಿನೈದು ಒಂದು ಬಂತು. "ಕೇಸ್ ಕ್ಲೋಸ್ಡ್!" ಎಂದ. ಕೇಶವಮೂರ್ತಿ ಚಪ್ಪಾಳೆ ತಟ್ಟಿದರು, ಮಿಕ್ಕವರೂ ತಟ್ಟಿದರು.

ನಿಜವಾದ ಉತ್ತರ ಚನ್ನಬಸಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಉಗಿದರೆ ಇಡೀ ಕೋಣೆ ತೆಪ್ಪಗಾಗುತ್ತಿತ್ತು. ಆದರೆ ಅಂಗೈ ಎಷ್ಟು ಒತ್ತಿ ಹಿಡಿದರೂ ಕಿವಿಗೆ ಕೇಳಿಸದೆ ಇರುತ್ತದೆಯೇ? ಆಕೆ ಕಷ್ಟಪಟ್ಟು ನುಂಗಿದಳು.

"ಶಶಿ, ಕಡೀಕ ನೀ ಯಾವ ಅಂಕಿ ಒತ್ತಿದಿ?" ಎಂದಳು.

"ಒಂದು, ಅತ್ತಿ."

"ಅಲ್ಲಿ ಏನ ಬಂದೈತಿ?"

ಶಶಿಧರ ಟೀವಿ ನೋಡಿದ. "ಸೊನ್ನೆ..."

"ನೀ ಒತ್ತಿದ ಒಂದು ಎಲ್ಲಿ ಹೋತು?" ಎಂದು ಟೀವಿಯ ಕಡೆ ಬೆರಳು ಮಾಡಿದಳು. "ಒಂದರಾಗ ಮುಗಿಯೂದು ನೂರರಿಂದ ಹೋಗೂದಿಲ್ಲಂತ ನಾಕನೇ ಇಯತ್ತೆ ಹುಡುಗರಿಗೂ ಗೊತ್ತೈತಿ. ಇದರ ಮ್ಯಾಲೇ ಏನು ನೀ ಬ್ಯಾಂಕಿನ್ಯಾಗ ಲೆಕ್ಕ ಮಾಡಿದ್ದು? ಹಂಗಾರ ಅದು ಮುಳುಗಿದ್ರಾಗ ಆಶ್ಚರ್ಯ ಏನೂ ಇಲ್ಲ ಬಿಡು."

ಶಶಿಧರನ ಮುಖ ಹಿಂಡಿದ ನಿಂಬೆಹೋಳಿನಂತಾಯಿತು. ನೀತಾ ಎಲ್ಲರಿಗೂ ಎರಡನೆಯ ಸಲ ಕುಸುರೆಳ್ಳು ಹಂಚಲು ಹೊರಟಳು. ಶಶಿಧರ ಬಿಡಲಿಲ್ಲ. "ಆಯ್ತು, ನೆಟ್‌ನಲ್ಲಿ ನೋಡೇಬಿಡೋಣ, ಫ್ಯಾಕ್ಟರ್ಸ್ ಇದ್ದೇ ಇರುತ್ತೆ," ಎಂದು ಮತ್ತೆ ಕೀಲಿಗಳ ಮೇಲೆ ಬೆರಳಿಟ್ಟ. ಪಂಚಾಕ್ಷರಯ್ಯ ಎದ್ದು, ಕೋಟು ಕೂಡ ಹಾಕಿಕೊಳ್ಳದೆ ಬಾಗಿಲು ತೆಗೆದು ಹಿಮದೊಳಕ್ಕೆ ಓಡಿದ. ಚನ್ನಬಸಮ್ಮ ನೇರ ಹೋಗಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಶಶಿಧರನ ಬೆರಳುಗಳ ಮೇಲೆಯೇ ಮುಚ್ಚಿದಳು. ಆಮೇಲೆ ಗಂಡನ ಕೋಟು ತೆಗೆದುಕೊಂಡು ಹೊರಗೆ ಬಂದಳು.

ಕಾರು ಅರ್ಧ ದಾರಿ ಬಂದಿತ್ತು. ಆತ ಡ್ರೈವ್ ಮಾಡುತ್ತಿದ್ದ.

"ನಿಮ್ಮ ಲೆಕ್ಕ ಎಂದಾರ ತಾಳೆ ನೋಡೀರೇನು?" ಎಂದಳು ಚನ್ನಬಸಮ್ಮ.

"ನನ್ನ ಲೆಕ್ಕಕ್ಕ ತಾಳೆ ಬೇಕಾಗೂದಿಲ್ಲ."

"ಒಂಬತ್ತು ತಗದ ನೋಡ್ರಿ. ಪ್ರತಿ ಸಾಲಿನ್ಯಾಗೂ ಎಂಟು ಬರಬೇಕು. ಒಂದರಾಗ ಬಂದಿಲ್ಲ."

ಆತ ಹೆಂಡತಿಯ ಕಡೆ ತಿರುಗಿದ. ಕಾರು ಪಕ್ಕದ ಸಾಲಿಗೆ ಸರಿಯಿತು. ಹಿಂದಿನವನು ಹಾರನ್ ಬಾರಿಸಿದ. "ಯಾವ ಸಾಲು?" ಎಂದ, ಮರುಕ್ಷಣವೇ ಕೂಗಿದ, "ಹೇಳಬ್ಯಾಡ! ಹೇಳಬ್ಯಾಡ!"

"ನಾ ಯಾಕ ಹೇಳ್ಲಿ? ರಸ್ತೆ ನೋಡ್ರಿ."

ಮರುದಿನ ಆತ ಮೊದಲನೆಯ ನೋಟ್‌ಬುಕ್ ತೆಗೆದ. ಶುರುವಿನಿಂದಲೇ ನೋಡುತ್ತಾನಂತೆ, ಅದೇ ಕ್ರಮವಂತೆ. ಇಪ್ಪತ್ತೈದು ಸಾವಿರ ಸಾಲು! ಮೂವತ್ತೆರಡನೆಯದು ತೆಗೆಯಿರಿ ಎನ್ನಲು ಚನ್ನಬಸಮ್ಮನಿಗೆ ಬಾಯಿ ತುರಿಸುತ್ತಿತ್ತು. ಆದರೆ ಜಾಗ ಹೇಳುವುದೂ ಉತ್ತರ ಹೇಳುವುದೂ ಒಂದೇ. ಊಟದ ಮೇಜಿನಲ್ಲಿ ಆತನಿಗೆ ತಾಳೆಯೂ ಹತ್ತಲಿಲ್ಲ. ನಾಲ್ಕನೆಯ ದಿನ ಆಕೆ ರೊಟ್ಟಿಯ ಗಳಿಕೆಯಲ್ಲಿ ಒಂದು ಮಂಥ್ಲಿ ಪಾಸ್ ತಂದು ಆತನ ಮುಂದೆ ಒಗೆದಳು. "ಮನ್ಯಾಗ ಕುಂತು ನನ್ನ ತಲಿ ತಿನ್ನೂದಕ್ಕಿಂತ ರೈಲಿನ್ಯಾಗ ಕುಂತು ಅದರ ತಲಿ ತಿನ್ರಿ," ಎಂದಳು.

ಪಂಚಾಕ್ಷರಯ್ಯ ಬೆಳಿಗ್ಗೆ ಎಂದಿನ ರೈಲು ಹತ್ತಿ ನ್ಯೂಯಾರ್ಕಿಗೆ ಹೋಗಿ, ಇಳಿದು, ಒಂದು ಕಾಫಿ ಕುಡಿದು, ಮುಂದಿನ ರೈಲಿಗೆ ವಾಪಸು ಬರತೊಡಗಿದ. ಇಂಥ ಗಂಡನನ್ನು ಪಡೆಯಲು ತಾನು ಹೋದ ಜನ್ಮದಲ್ಲಿ ಏನು ಮಾಡಿದ್ದಿರಬೇಕು ಎಂದು ಚನ್ನಬಸಮ್ಮ ರೊಟ್ಟಿಯ ಹುಡುಗರನ್ನೆಲ್ಲ ಕೇಳುತ್ತಿದ್ದಳು. ಪಾಸು ಮುಗಿಯುವ ದಿನಕ್ಕೆ ಮುಂಚೆ ಮುಂದಿನ ಪಾಸು ತಂದಿಡುತ್ತಿದ್ದಳು.

ಏಪ್ರಿಲ್ಲಿನಲ್ಲಿ ಒಂದು ಸಂಜೆ ಆತ ಗೆದ್ದವನ ಹಾಗೆ ಬಂದ. "ಸಿಕ್ತು ನಿನ್ನ ತಪ್ಪು. ಹನ್ನೆರಡನೇ ಬುಕ್ಕಿನ್ಯಾಗ. ಸರಿ ಮಾಡಿದೆ, ಆದ್ರೂ ಶೇಷ ಉಳೀತು. ಸಮಾಧಾನ ಆತಿಲ್ಲೋ? ಇನ್ನ ತಾಳೆ ಸಾಕು, ಮುಂದ ಹೋಗ್ತೀನಿ."

ಚನ್ನಬಸಮ್ಮ ಒಲೆ ಆರಿಸಿ ಈಚೆ ಬಂದಳು. ಮುಂದೆ ಹೋದರೆ ಹೋದ ಹಾಗೇ. ಬೆನ್ನ ಹಿಂದೆ ಬಿಟ್ಟು ಬಂದದ್ದನ್ನು ಸಾಯುವವರೆಗೂ ಮುಂದೆ ಹುಡುಕುತ್ತಾನೆ.

"ಅದಲ್ಲ," ಎಂದಳು.

"ಅದಲ್ಲ?"

"ನಾ ಹೇಳಿದ್ದು ಅದಲ್ಲ. ಇನ್ನೂ ಒಂದೈತಿ."

ಪಂಚಾಕ್ಷರಯ್ಯ ಹೆಂಡತಿಯನ್ನು ನೋಡುತ್ತಲೇ ನಿಂತ. ಮದುವೆಯ ದಿನ ಅಂತರಪಟ ಸರಿದಾಗಲೂ ಇಷ್ಟು ಹೊತ್ತು ನೋಡಿರಲಿಲ್ಲ. ಏನೋ ಕೇಳಲು ಬಾಯಿ ತೆರೆದು, ಕೇಳಬಾರದೆಂದು ಮುಚ್ಚಿದ. ಮರುದಿನ ಹದಿಮೂರನೆಯ ಬುಕ್ಕು ತೆಗೆದುಕೊಂಡು ರೈಲಿಗೆ ಹೋದ. ಆ ಮೇಲೆ ಮತ್ತೆ ಮೂರು ತಪ್ಪು ಸಿಕ್ಕವು. ಅದನ್ನು ಹೇಳಲಿಲ್ಲ, ಆತನ ಮುಖದಿಂದಲೇ ಆಕೆಗೆ ತಿಳಿಯಿತು. "ನಿನಗೇನ ಗೊತ್ತು?" ಎನ್ನುವ ಮಾತು ಆ ಬೇಸಿಗೆಯಲ್ಲಿ ಮನೆಯಲ್ಲಿ ಕೇಳಲಿಲ್ಲ.

ಆಗಸ್ಟಿನಲ್ಲಿ ಆತ ಮೂವತ್ತೆರಡನೆಯ ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೋದ ನಾಲ್ಕನೆಯ ದಿನ ಚನ್ನಬಸಮ್ಮನ ಏಳು ರೊಟ್ಟಿ ಹೊತ್ತಿದವು. ಪಂಚಾಕ್ಷರಯ್ಯ ಎಂದಿಗಿಂತ ಮುಂಚಿನ ರೈಲಿಗೆ ಬಂದ. ಚಪ್ಪಲಿ ಬಿಡದೆ ಅಡುಗೆಮನೆಗೆ ಬಂದು, "ಸಿಕ್ತು," ಎಂದ. ಒಂದೊಂದೇ ಅಂಕಿ ಬಿಡಿಸಿ ಹೇಳಿದ. ಆಕೆ ಮೊದಲ ಸಲ ಕೇಳುತ್ತಿರುವವಳ ಹಾಗೆ ಕೇಳಿದಳು.

"ಒಂಬತ್ತು ವರ್ಷ, ಹತ್ತು ತಿಂಗಳು," ಎಂದ ಆತ. "ಒಬ್ಬ ಮನುಷ್ಯಾನ ಸಹಾಯ ಇಲ್ಲ. ಎಲ್ಲಾ ನನ್ನ ಕೈಲೇ ಮಾಡಿದೆ."

ಚನ್ನಬಸಮ್ಮನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಅಲ್ಲೇ ನಿಂತಿತು. ಬ್ಯಾಡಗಿಯ ಅಷ್ಟೂ ಖಾರ ನಾಲಿಗೆಗೆ ಬಂತು. ಏಳೆಂಟು ತಿಂಗಳ ಹಿಂದೆ ಇದೇ ಕೊಣಮಿಗೆಯಲ್ಲಿ, ಇದೇ ಬೆರಳಿನಿಂದ ಎನ್ನಬೇಕೆಂದು ತಿರುಗಿದಳು. ಆತ ನೀರಿನ ಲೋಟಕ್ಕೆ ಕೈ ಚಾಚಿದ್ದ. ಇನ್ನೊಂದು ಕೈಯಿಂದ ನೋಟ್‌ಬುಕ್ ತೆರೆದು ಆಕೆಯ ಮುಂದೆ ಹಿಡಿದ.

"ನೀ ಒಮ್ಮೆ ತಾಳೆ ನೋಡು," ಎಂದ.

ಆಕೆ ನೋಡಿದಳು. "ಇದು ನಾಲ್ಕು, ಇದು ಎರಡು. ನಾಕೆರಡ್ಲೆ ಎಂಟು," ಎಂದಳು. "ಹೌದ್ರಿ, ನೀವ ಹುಡುಕಿದ್ದು. ಚಪ್ಪಲಿ ಬಿಟ್ಟು ಬರ್ರಿ, ಅಡಗಿಮನಿ ಇದು."

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮರುದಿನದಿಂದ ಪಂಚಾಕ್ಷರಯ್ಯ ರೈಲಿಗೆ ಹೋಗಲಿಲ್ಲ. ಹುಡುಕುವುದು ಮುಗಿದಿತ್ತಲ್ಲ. ಕಿಟಕಿಯ ಕುರ್ಚಿಗೆ ವಾಪಸು ಬಂದ. ಬರೆದ ಅರ್ಜಿಗಳಿಗೆ ಯಾವ ಕಂಪನಿಯಿಂದಲೂ ಉತ್ತರ ಬರುತ್ತಿರಲಿಲ್ಲ. ಸ್ನಾನ ಒಂದು ದಿನ ತಪ್ಪಿತು, ಗಡ್ಡ ನಾಲ್ಕು ದಿನ ಬೆಳೆಯಿತು. ಎರಡನೆಯ ಸಲ ಕೆಲಸ ಹೋದವನ ಹಾಗೆ ಕೂತಿದ್ದ. ಈ ಸಲ ಕೈಕುಲುಕಿ ಕಳಿಸುವವರೂ ಇರಲಿಲ್ಲ. ಇದನ್ನು ಮಾಡಿದವಳು ತಾನೇ ಎಂದು ಚನ್ನಬಸಮ್ಮನಿಗೆ ಅನ್ನಿಸತೊಡಗಿತು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಆತ ಗಡ್ಡ ಬೋಳಿಸಿಕೊಂಡು ಬಂದ. "ಹತ್ತೊಂಬತ್ತು ಒಂದು ನೋಡಿದರ ಹೆಂಗ?" ಎಂದ. "ಈ ಸಲ ಮೂವತ್ತೆಂಟರ ಮಗ್ಗಿ."

ಆತ ಹೊಸ ನೋಟ್‌ಬುಕ್ ತರಲು ಹೋದ ಹೊತ್ತಿನಲ್ಲಿ ಚನ್ನಬಸಮ್ಮ ಬಾಸ್ಟನ್ನಿನಲ್ಲಿ ಓದುತ್ತಿದ್ದ ಅಕ್ಷತಾಗೆ ಫೋನು ಮಾಡಿದಳು. ಅಕ್ಷತಾ ಕೀಲಿ ಒತ್ತುವ ಸದ್ದು ಕೇಳಿಸಿತು.

"ಓ ನೋ. ಅಮ್ಮಾ, ದಟ್ ಒನ್ ಈಸ್ ಪ್ರೈಮ್."

"ಅಂದರ?"

"ಯಾವುದರಿಂದಾನೂ ಹೋಗಲ್ಲ. ದೇರ್ ಈಸ್ ನಥಿಂಗ್ ಟು ಫೈಂಡ್. ಅಪ್ಪನ ಸ್ಪೀಡಲ್ಲಿ ಎಲ್ಲಾ ಚೆಕ್ ಮಾಡಿ ಮುಗಿಸೋಕೆ ನಾಲ್ಕು ಸಾವಿರ ವರ್ಷ ಬೇಕು." ಅಕ್ಷತಾ ದನಿ ತಗ್ಗಿಸಿ ಕೇಳಿದಳು, "ಶುಡ್ ಐ ಟೆಲ್ ಹಿಮ್?"

"ಹೇಳಿದ್ರ ಕಾಲ ಮುರೀತೀನಿ," ಎಂದಳು ಚನ್ನಬಸಮ್ಮ. "ಈಗಿನ ಕಾಲದಾಗ ಯಾರೂ ತಗದ ಹಾಕಲಾರದ ನೌಕರಿ ಯಾರಿಗೆ ಸಿಗತೈತಿ?"

ಫೋನು ಇಟ್ಟು, ಕೈಯ ಹಿಟ್ಟು ಒರೆಸಿಕೊಂಡು, ಸ್ಟೇಷನ್ನಿಗೆ ನಡೆದು ಹೋಗಿ ಸೆಪ್ಟೆಂಬರಿನ ಪಾಸು ತಂದಳು. ಪಂಚಾಕ್ಷರಯ್ಯ ಬಾಗಿಲಲ್ಲಿ ನಿಂತು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಹೊರಟವನು ಮೆಟ್ಟಿಲ ಮೇಲೆ ನಿಂತ. ಹೆಂಡತಿಯನ್ನು ಆತ ಲೆಕ್ಕದ ಸುದ್ದಿ ಕೇಳಿದ್ದು ಅದು ಎರಡನೆಯ ಸಲ.

"ಇದು ಸಿಗತೈತೇನು, ಚನ್ನೀ?"

"ನಿಮ್ಮಂಥಾವ್ರಿಗೆ ಸಿಗಲಾರದ್ದು ಏನೈತ್ರಿ?" ಎಂದಳು ಚನ್ನಬಸಮ್ಮ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಆಕೆ ಗಂಡನನ್ನು ಹೊಗಳಿದ್ದು ಅದೇ ಮೊದಲು, ಅದೂ ಸುಳ್ಳು. "ಹೋಗ್ರಿ, ರೈಲು ಬರತೈತಿ."